ಹಾಜರಿ ಪ್ರಕಾರ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಹಾಗೂ ಚಿಂಚೋಳಿಯ ಸಮಸ್ತ ನಾಗರಿಕರ ಘನ ಗಮನಕ್ಕೆ ತರುವುದೇನೆಂದರೆ, ಕಾಗಿಣಾ ಕಂಪನಿಯ ವಾಡಿ ಶಾಖೆಗೆ ಸೋಮವಾರ ಮುಂಜಾನೆ ಶುಭ ಮುಹೂರ್ತದಲ್ಲಿ ಒಂದು ಹೊಸ ಕಸಬರಗಿ ದಯಮಾಡಿಸಿತು. ಸೇಡಂನ ಹೆಡ್ಡಾಫೀಸಿನಿಂದ ಕಂಪನಿಯ ಜೀಪಿನಲ್ಲಿ, ಮುಂದಿನ ಸೀಟಿನಲ್ಲಿ ಕೂತು ಅದು ಪ್ರಯಾಣ ಬೆಳೆಸಿತ್ತು. ಹಿಡಿಗೆ ಕೆಂಪು ರಿಬ್ಬನ್ ಕಟ್ಟಿತ್ತು. ಹಿಂದಿನ ಸೀಟಿನಿಂದ ಇಳಿದ ಮ್ಯಾನೇಜರ್ ಶಾಂತಕುಮಾರರು ಅದನ್ನು ಎರಡೂ ಕೈಯಿಂದ ಎತ್ತಿಕೊಂಡು ಬಂದು, ಸುಮಂಗಲಾಳ ಟೇಬಲ್ಲಿನ ಮೇಲೆ ಕಂಪ್ಯೂಟರಿನ ಪಕ್ಕಕ್ಕೆ ಇಟ್ಟು, ಫೋಟೊ ತೆಗೆದುಕೊಂಡರು.

"ಇದೇನ್ರಿ ಸರ್?" ಎಂದಳು ಸುಮಂಗಲಾ.

"ನಿಮ್ಮ ತರಬೇತಿ ಸಾಮಗ್ರಿ."

"ನೋಡ್ಲಿಕ್ಕ ಕಸಬರಗಿ ಇದ್ದಂಗ ಅದಲ್ರಿ."

"ನೋಡ್ಲಿಕ್ಕ ಹಂಗ ಅದ. ಆದ್ರ ಇದರ ಹಿಂದ ಭಾಳ ದೊಡ್ಡ ಕಾರ್ಯತಂತ್ರ ಅದ."

ಸುಮಂಗಲಾ ಕಸಬರಗಿಯ ಹಿಂದೆ ನೋಡಿದಳು. ಅಲ್ಲಿ ಪ್ರಿಂಟರ್ ಇತ್ತು.

ಸುಮಂಗಲಾ ಬಿ.ಕಾಂ. ಓದಿದವಳು. ವಾಡಿಯಲ್ಲಿ ಕಂಪನಿಯ ಕಾಟಾ ನಡೆಸುವವಳು, ಅಂದರೆ ಲಾರಿಗಳನ್ನು ತೂಗುವ ಕಟ್ಟೆಯ ಪಕ್ಕದ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು, ಬಂದ ಲಾರಿಯ ನಂಬರು ಹೊಡೆದು, ತೂಕದ ಚೀಟಿ ಹರಿದು ಕೊಡುವವಳು. ಚಿಂಚೋಳಿಯಿಂದ ಬರುವ ತೊಗರಿ, ಚಿತ್ತಾಪುರದ ಮಿಲ್ಲಿನಿಂದ ಹೊರಡುವ ಬೇಳೆ, ಶಹಾಬಾದಿನ ಫರಶಿ ಕಲ್ಲು, ಎಲ್ಲವೂ ಅವಳ ಕಿಟಕಿಯ ಮುಂದೆ ನಿಂತು ತೂಗಿಸಿಕೊಂಡೇ ಮುಂದೆ ಹೋಗಬೇಕು. ಒಟ್ಟಿನಲ್ಲಿ ಕಂಪನಿಯಲ್ಲಿ ತೂಕದ ಮಾತಾಡುವವಳು ಅವಳೊಬ್ಬಳೇ. ಆದರೆ ಹಾಜರಿ ಪ್ರಕಾರ ಅವಳು ಕಸ ಹೊಡೆಯುವವಳು.

ಇದು ಹೇಗೆ ಅಂತ ಹೊರಗಿನವರು ಕೇಳುತ್ತಾರೆ. ಒಳಗಿನವರು ಯಾವತ್ತೂ ಕೇಳಿರಲಿಲ್ಲ. ಕಂಪನಿಯನ್ನು ಕಟ್ಟಿದ ಹಿರಿಯ ಸಾವಕಾರರು ಒಂದು ದೀಪಾವಳಿಯ ದಿನ ಹಾಜರಿ ಪುಸ್ತಕ ತೆರೆದು, ತಮ್ಮ ದುಂಡು ಅಕ್ಷರದಲ್ಲಿ ಯಾವ ಯಾವ ಹುದ್ದೆ ಇರಬೇಕು ಅಂತ ಬರೆದು, ಪೂಜೆ ಮಾಡಿ, ಮುಂದೆ ಕೆಲವು ವರ್ಷಕ್ಕೆ ಲಿಂಗೈಕ್ಯರಾದರು. ಅವರ ಮಗ ಅಮೃತಪ್ಪ ಸಾವಕಾರರು ಕಂಪನಿಯನ್ನು ಐದು ಊರಿಗೆ ಬೆಳೆಸಿದರು, ಆದರೆ ಆ ಪುಸ್ತಕದಲ್ಲಿ ಒಂದು ಹುದ್ದೆಯನ್ನೂ ಬೆಳೆಸಲಿಲ್ಲ. "ಅಪ್ಪಾಜಿ ಕೈಬರಹಕ್ಕ ನಾ ಕೈ ಹಚ್ಚಂಗಿಲ್ಲ" ಅನ್ನುವುದು ಅವರ ಮಾತು. ಹಾಗಾಗಿ ಹೊಸಬರು ಬಂದಾಗ, ಆಗಷ್ಟೇ ಯಾರು ಕೆಲಸ ಬಿಟ್ಟಿದ್ದಾರೋ ಅವರ ಹುದ್ದೆಯನ್ನೇ ಹೊದ್ದುಕೊಂಡು ಕೂರಬೇಕು. ಕೆಲಸ ಯಾವುದಾದರೂ ಮಾಡಿಕೊಳ್ಳಲಿ. ಸುಮಂಗಲಾ ಸೇರುವ ವಾರ ಒಬ್ಬ ಕಸ ಹೊಡೆಯುವವ ಬಿಟ್ಟುಹೋಗಿದ್ದ. ಜೀಪು ಓಡಿಸುವ ಮಜೀದಸಾಬ ಸೇರುವ ವಾರ ಟೈಪಿಸ್ಟ್ ಬಿಟ್ಟುಹೋಗಿದ್ದ. ಹಾಗಾಗಿ ಮಜೀದಸಾಬ ಇವತ್ತಿಗೂ ಟೈಪಿಸ್ಟ್. ಕಾಟಾ ಬಂದದ್ದು ಹಿರಿಯ ಸಾವಕಾರರು ಹೋದ ಮೇಲೆ, ಆದ್ದರಿಂದ ಕಾಟಾ ನಡೆಸುವವರು ಅಂತ ಒಂದು ಹುದ್ದೆ ಪುಸ್ತಕದಲ್ಲಿಯೇ ಇಲ್ಲ.

ಇದರಿಂದ ಯಾರ ಹೊಟ್ಟೆಯೂ ನೋಯುತ್ತಿರಲಿಲ್ಲ. ಕೆಲಸ ತನ್ನ ಪಾಡಿಗೆ ತಾನು ನಡೆದಿತ್ತು, ಹಾಜರಿ ತನ್ನ ಪಾಡಿಗೆ ತಾನು ಕಪಾಟಿನಲ್ಲಿ ಮಲಗಿತ್ತು. ಅದು ಎದ್ದು ಕೂತದ್ದು ಶಾಂತಕುಮಾರರು ಹೈದರಾಬಾದಿಗೆ ಹೋಗಿಬಂದ ಮೇಲೆ.

ಹೈದರಾಬಾದಿನ ತಣ್ಣಗಿನ ಹೋಟೆಲೊಂದರಲ್ಲಿ ಮ್ಯಾನೇಜರುಗಳ ಶಿಬಿರವಿತ್ತು. ಅಲ್ಲಿ ಒಬ್ಬರು ಪರದೆಯ ಮೇಲೆ ಬಾಣಗಳನ್ನು ಬಿಟ್ಟು ಹೇಳಿದರಂತೆ: ನೌಕರರ ತರಬೇತಿಯನ್ನು ಖರ್ಚು ಅಂತ ನೋಡಬಾರದು, ಸಂಸ್ಥೆಯ ಕಾರ್ಯತಂತ್ರ ಅಂತ ನೋಡಬೇಕು. ಹುದ್ದೆಗೆ ಏನು ಬೇಕು, ಆ ಹುದ್ದೆಯಲ್ಲಿ ಇರುವವನಿಗೆ ಏನು ಬರುತ್ತದೆ, ಇವೆರಡರ ನಡುವಿನ ಕಂದರ ಅಳೆಯಿರಿ. ತರಬೇತಿಯಿಂದ ಅದನ್ನು ತುಂಬಿರಿ. ಶಾಂತಕುಮಾರರು ವಾಪಸು ಬಂದು ಕಪಾಟು ತೆಗೆದು ಅಳೆದರು. ಕಂದರದಲ್ಲಿ ಒಂದು ಲಾರಿ ತಿರುಗಿಸಿ ನಿಲ್ಲಿಸುವಷ್ಟು ಜಾಗವಿತ್ತು. ಅವರಿಗೆ ಭಾಳ ಸಂತೋಷವಾಯಿತು. ತುಂಬಲಿಕ್ಕೆ ಕಂದರವೇ ಇಲ್ಲದ ಕಂಪನಿಯಲ್ಲಿ ಕಾರ್ಯವೂ ಇಲ್ಲ, ತಂತ್ರವೂ ಇಲ್ಲ.

ಅಮೃತಪ್ಪ ಸಾವಕಾರರಿಗೆ ಅವರು ವಿಷಯವನ್ನು ಬೇರೆ ದಾರಿಯಿಂದ ತಿಳಿಸಿದರು. ಮುಂಬೈಯ ದೊಡ್ಡ ಖರೀದಿದಾರರು ಈಗ ಬೇಳೆಯ ಜೊತೆಗೆ ಬೇಳೆ ಮಾಡುವವರನ್ನೂ ನೋಡುತ್ತಾರಂತೆ, ತರಬೇತಾದ ಕಾಯಂ ನೌಕರರು ಇದ್ದರೇ ಆರ್ಡರು ಅಂತ. ಸಾವಕಾರರು ಸ್ವಲ್ಪ ಹೊತ್ತು ಗಲ್ಲ ಕೆರೆದುಕೊಂಡು, "ಆತು, ಪಾಸಾದವರಿಗೆ ಕಾಯಂ ಮಾಡೂಣು" ಅಂದುಬಿಟ್ಟರು. ಶಾಂತಕುಮಾರರು ಅದಕ್ಕೆ ತಮ್ಮ ಕಡೆಯಿಂದ ಒಂದು ಸುತ್ತೋಲೆ ಹೊರಡಿಸಿದರು. ಸುತ್ತೋಲೆಗೆ ಭಾಳ ಕಲಂಗಳಿದ್ದವು. ಆದರೆ ಹೆಚ್ಚುಕಮ್ಮಿ ಎಲ್ಲ ಕಲಮಿನ ಕೊನೆಗೂ ಎರಡೇ ಶಬ್ದ: ಹಾಜರಿ ಪ್ರಕಾರ. ಕಲಿಯುವುದು ಹಾಜರಿ ಪ್ರಕಾರ, ಕಲಿಸುವುದು ಹಾಜರಿ ಪ್ರಕಾರ, ಪಾಸಾದವರು ಕಾಯಂ ಆಗುವುದು ಹಾಜರಿ ಪ್ರಕಾರ. ಫೇಲಾದವರನ್ನು ಮುಂದಿನ ವರ್ಷ ಸೇರಿಸಿಕೊಳ್ಳುವುದಿಲ್ಲ.

ಕಾಯಂ ಅನ್ನುವ ಶಬ್ದ ಸುಮಂಗಲಾಳಿಗೆ ಯಾಕೆ ನಾಟಿತು ಅಂತ ಹೇಳಬೇಕು. ಕಂಪನಿ ಅವಳನ್ನು ವರ್ಷಕ್ಕೊಮ್ಮೆ ಒಂದು ತಿಂಗಳು ಕೆಲಸದಿಂದ ತೆಗೆದು, ಮತ್ತೆ ಹೊಸಬಳಂತೆ ಸೇರಿಸಿಕೊಳ್ಳುತ್ತಿತ್ತು. ಅದರ ಹೆಸರು ಬ್ರೇಕು. ಆ ತಿಂಗಳು ಪಗಾರ ನಿಲ್ಲುತ್ತಿತ್ತು, ಫೋನು ನಿಲ್ಲುತ್ತಿರಲಿಲ್ಲ. "ಸುಮಂಗಲಾ, ಪ್ರಿಂಟರ್ ಕಾಗದ ನುಂಗ್ಯದ ನೋಡ್ರಿ." "ಸುಮಂಗಲಾ, ನಿನ್ನಿ ದಿನದ ಲೆಕ್ಕ ಎಲ್ಲಿ ಕುಂತದ?" ಇವಳು ಮನೆಯಲ್ಲಿ ರೊಟ್ಟಿ ಬಡಿಯುತ್ತ ಕಿವಿಗೆ ಫೋನು ಸಿಕ್ಕಿಸಿಕೊಂಡು, ಕೆಲಸದಲ್ಲಿ ಇಲ್ಲದ ಕೆಲಸ ಮಾಡುತ್ತಿದ್ದಳು. ಎಷ್ಟು ವರ್ಷ ದುಡಿದರೂ ಪ್ರತಿ ವರ್ಷ ಹೊಸಬಳೇ. ಅವಳ ನಂತರ ಬಂದ ಲಾರಿ ಕ್ಲೀನರುಗಳು ಡ್ರೈವರುಗಳಾಗಿ ಸ್ವಂತ ಲಾರಿ ತೆಗೆದುಕೊಂಡು ಅವಳ ಕಾಟಾದ ಮೇಲೆ ನಿಲ್ಲಿಸಿದ್ದರು. ಈ ಸಲದ ಬ್ರೇಕು ಪರೀಕ್ಷೆಯ ಮರುದಿನವೇ ಶುರುವಾಗುವುದಿತ್ತು. ಪಾಸಾದರೆ ಅದು ಇಲ್ಲ. ಇನ್ನು ಯಾವತ್ತೂ ಇಲ್ಲ.

ಸಂಜೆ ಮನೆಗೆ ಹೋಗಿ ತಾಯಿ ಲಾಲಮ್ಮನಿಗೆ ಹೇಳಿದಳು. ಲಾಲಮ್ಮ ಬದುಕೆಲ್ಲ ವಾಡಿ ಸ್ಟೇಷನ್ನಿನ ಪ್ಲಾಟ್‌ಫಾರಂ ಗುಡಿಸಿದವಳು. ಬಾಗಿಲ ಹೊಸ್ತಿಲ ಮೇಲೆ ಕಾಲು ಚಾಚಿ ಕೂತು ಕೇಳಿದಳು.

"ಪಾಸಾದ್ರ ಕಾಯಂ?"

"ಕಾಯಂ."

"ಏನಂತ ಕಾಯಂ?"

ಸುಮಂಗಲಾ ಗೋಡೆಯ ಮೇಲಿನ ಬಾಬಾಸಾಹೇಬರ ಫೋಟೊ ಕಡೆ ನೋಡದೆ, ಅದರ ಕೆಳಗಿನ ಕ್ಯಾಲೆಂಡರ್ ನೋಡಿದಳು. "ಹಾಜರಿ ಪ್ರಕಾರ."

"ಅದೇ ಕೇಳ್ಲಿಕತ್ತೀನಿ, ಹಾಜರ್ಯಾಗ ಏನದ?"

"ಕಸಾ ಹೊಡ್ಯಾಕಿ."

ಲಾಲಮ್ಮ ಚಾಚಿದ ಕಾಲು ನೀವಿಕೊಂಡಳು. ಆಮೇಲೆ ಅಂದಳು, "ನಾ ನಿನಗ ಕಾಲೇಜಿಗೆ ಕಳಸಿದ್ದು ಕಸಬರಗಿ ನಮ್ಮ ಮನ್ಯಾಗ ನನ್ನ ಕೈಯಾಗೇ ಮುಗೀಲಿ ಅಂತ. ಈಗ ಅದಕ್ಕೂ ಪರೀಕ್ಷಾ ಇಟ್ಟಾರ?"

"ಕೆಲಸ ಕಾಟಾದ್ದೇ ಅವ್ವ. ಬರೀ ಹೆಸರು."

"ಹೆಸರಿಗೇ ಅಲ್ಲೇನ ಈ ಊರಾಗ ಇಷ್ಟೆಲ್ಲಾ ನಡ್ಯೋದು." ಲಾಲಮ್ಮ ಕಾಲು ಮಡಚಿಕೊಂಡಳು. "ಫೇಲಾದ್ರ?"

"ಹೊರಗ ಹಾಕ್ತಾರ."

"ನಡೂ ಏನೂ ಇಲ್ಲೇನು?"

"ನಡೂ ನಾನೇ ಅದೀನಲ್ಲ."

ಅವತ್ತು ಅವಳಿಗೆ ಊಟ ಸೇರಿತೋ ಇಲ್ಲವೋ ಅವಳಿಗೇ ಗೊತ್ತಾಗಲಿಲ್ಲ. ಪಾಸಾಗಬೇಕೆಂದು ಓದಬೇಕೋ, ಫೇಲಾಗಬಾರದೆಂದು ಓದಬೇಕೋ, ಎರಡೂ ಒಂದೇ ಹೌದೋ ಅಲ್ಲವೋ ಎಂದು ತಟ್ಟೆಯ ಮುಂದೆ ಕೂತು ತೂಗಿದಳು. ದಿನಾ ಲಾರಿ ತೂಗುವವಳಿಗೆ ಇದು ಮಾತ್ರ ಯಾವ ಕಡೆಗೂ ವಾಲಲಿಲ್ಲ. ಬ್ರೇಕು ತಪ್ಪುವುದಾದರೆ ತಪ್ಪಲಿ, ಹೆಸರಿನದು ಆಮೇಲೆ ನೋಡೋಣ ಎಂದುಕೊಂಡಳು.

ಹಾಜರಿ ಪ್ರಕಾರ ಕಂಪನಿಯ 'ಹಿರಿಯ ಕಸ ಹೊಡೆಯುವವರು' ಚಿಂಚೋಳಿಯ ಅಮರನಾಥ. ಆದ್ದರಿಂದ ಸುಮಂಗಲಾ ಅವರ ಹತ್ತಿರ ತರಬೇತಿಗೆ ಹೋಗತಕ್ಕದ್ದು ಎಂದಾಯಿತು. ವಾಡಿಯಿಂದ ಚಿತ್ತಾಪುರ, ಅಲ್ಲಿಂದ ಸೇಡಂ, ಅಲ್ಲಿಂದ ಚಿಂಚೋಳಿ, ಬಸ್ಸು ಬದಲಿಸುತ್ತ ಬದಲಿಸುತ್ತ ಅವಳು ಕಂಪನಿಯ ತೊಗರಿ ಖರೀದಿ ಕೇಂದ್ರ ಮುಟ್ಟುವಷ್ಟರಲ್ಲಿ ಮಧ್ಯಾಹ್ನ ಆಗಿತ್ತು. ಅಮರನಾಥ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಕುರ್ಚಿಯ ಮೇಲೆ ಕೂತು, ಒಂದು ಚೀಲದಿಂದ ತೊಗರಿಕಾಳು ತೆಗೆದು ಹಲ್ಲಿನ ನಡುವೆ ಇಟ್ಟು ಕಟ್ ಅಂತ ಕಡಿದು, ಕಣ್ಣು ಮುಚ್ಚಿ ಹಸಿ ಎಷ್ಟಿದೆ ಅಂತ ಆಲಿಸುತ್ತಿದ್ದರು. ಅವರ ನಿಜವಾದ ಕೆಲಸ ಅದು. ಎದುರಿಗೆ ಬೆಂಚಿನ ಮೇಲೆ ಕುಂಚಾವರಂ ಕಡೆಯ ರೈತರು ಅವರ ಬಾಯಿಯನ್ನೇ ನೋಡುತ್ತ ಕೂತಿದ್ದರು. ಆ ಬಾಯಿಂದಲೇ ರೇಟು ಹೊರಬೀಳಬೇಕು.

"ನಮಸ್ಕಾರ್ರಿ ಸರ್. ಕಸಾ ಹೊಡ್ಯೋದು ಕಲೀಲಿಕ್ಕ ಬಂದೀನಿ, ತಮ್ಮ ಹತ್ರ."

ಅಮರನಾಥರು ಕಣ್ಣು ತೆರೆದು, ಗಡಬಡಿಸಿ ಎದ್ದು, ಅವಳನ್ನು ಗೋದಾಮಿನ ಒಳಗೆ ಕರೆದೊಯ್ದರು.

"ತಂಗಿ, ಆ ಮಾತು ಇಲ್ಲಿ ಜೋರ್ಲೆ ಅನ್ನಬ್ಯಾಡ. ಕಸಾ ಹೊಡ್ಯಾಂವ ರೇಟ್ ಹೇಳ್ಲಿಕತ್ತಾನ ಅಂತ ಗೊತ್ತಾದ್ರ ಅವ್ರು ಚೀಲಾ ಹೊತ್ಕೊಂಡು ತಾಂಡೂರಿಗೆ ಹೋಗಿಬಿಡ್ತಾರ."

"ಹಾಜರಿ ಪ್ರಕಾರ ನೀವೇ ಗುರುಗಳು ಅಂತ್ರಿ."

"ಇರಬಹುದು. ನಾ ಹುಟ್ಟಿದಾಗಿಂದ ಕಸಬರಗಿ ಮುಟ್ಟಿಲ್ಲ. ಮನ್ಯಾಗ ನಮ್ಮಾಕಿ ಹೊಡೀತಾಳ, ನಾ ಕಾಲು ಮ್ಯಾಲೆತ್ತಿ ಕೂಡ್ತೀನಿ. ನನಗ ಬರೋದು ಅಷ್ಟೇ."

"ಅದನ್ನೇ ಕಲಸ್ರಿ ಮತ್ತ."

ಅಮರನಾಥರು ನಗಬೇಕೋ ಬೇಡವೋ ತಿಳಿಯದೆ, ಶಾಂತಕುಮಾರರು ಕಳಿಸಿದ ತರಬೇತಿ ಪುಸ್ತಿಕೆ ಹುಡುಕಿ ತಂದರು. ಅದರ ಮೊದಲ ಅಧ್ಯಾಯದ ಹೆಸರು 'ದೃಷ್ಟಿಕೋನ'. ಎರಡನೆಯದು 'ಕಸದಿಂದ ವಿಕಾಸದೆಡೆಗೆ'. ಅಮರನಾಥರು ಒಂದು ಪುಟ ಗಟ್ಟಿಯಾಗಿ ಓದಿದರು. ಅವಳು ಕೇಳಿದಳು. ಅವರಿಗೂ ತಿಳಿಯಲಿಲ್ಲ, ಅವಳಿಗೂ ತಿಳಿಯಲಿಲ್ಲ. ಇಬ್ಬರೂ ಸಮನಾಗಿ ತಿಳಿಯದೆ ಇದ್ದದ್ದರಿಂದ ಗುರು ಶಿಷ್ಯರಲ್ಲಿ ಒಂದು ತರಹದ ಸಲಿಗೆ ಬೆಳೆಯಿತು. ಹೊರಗೆ ಒಬ್ಬ ರೈತ ಕೆಮ್ಮಿದ.

"ಅಮರನಾಥರ, ನಮ್ಮ ಕಾಳು ಕಡೀತೀರೋ, ಆಕಿನ ತಲಿ ಕಡೀತೀರೋ?"

"ಬಂದೆ, ಬಂದೆ. ಸಾಹೇಬ್ರ ಕಡೆಯಿಂದ ತಪಾಸಣೆಗೆ ಬಂದಾರ" ಅಂದರು ಅಮರನಾಥರು. ರೈತರು ಸುಮಂಗಲಾಳಿಗೆ ಕೂರಲಿಕ್ಕೆ ಬೆಂಚಿನಲ್ಲಿ ಜಾಗ ಬಿಟ್ಟುಕೊಟ್ಟರು. ಕಸ ಹೊಡೆಯುವುದನ್ನು ಕಲಿಯಲು ಬಂದವಳು ತಪಾಸಣೆಯ ಅಧಿಕಾರಿಯಾಗಿ ಕೂತು, ಕಸ ಹೊಡೆಯುವ ಹುದ್ದೆಯವರು ತೊಗರಿ ಕಡಿಯುವುದನ್ನು ಸಂಜೆಯ ತನಕ ನೋಡಿದಳು.

ನಡುವೆ ಫೋನು ಬಂತು. ಶಾಂತಕುಮಾರರು ವಾಡಿಯಿಂದ ಮಾತಾಡುತ್ತಿದ್ದರು. ಹಿಂದೆ ಲಾರಿಗಳ ಹಾರ್ನು ಮದುವೆ ಮೆರವಣಿಗೆಯಂತೆ ಕೇಳುತ್ತಿತ್ತು.

"ಸುಮಂಗಲಾ, ಲಾರಿ ಭಾಳ ನಿಂತಾವ. ನಿಮ್ಮ ಜಾಗಾದಾಗ ಯಾರಿಗೆ ಕೂಡ್ಸಬೇಕು?"

"ಹಾಜರಿ ನೋಡ್ರಿ ಸರ್."

"ನೋಡಿದೆ. ಹಾಜರ್ಯಾಗ ಆ ಜಾಗಾನೇ ಇಲ್ಲ."

"ಹಂಗಾದ್ರ ಲಾರಿನೂ ಇಲ್ಲಂತ ತಿಳ್ಕೋರಿ."

ಫೋನಿನ ಆ ಕಡೆ ಇನ್ನೊಂದು ಹಾರ್ನು ಸೇರಿಕೊಂಡಿತು. "ನೀವು ತರಬೇತಿ ಮ್ಯಾಲ ಲಕ್ಷ್ಯ ಕೊಡ್ರಿ" ಅಂದು ಶಾಂತಕುಮಾರರು ಫೋನಿಟ್ಟರು.

ತರಬೇತಿ ಮುಗಿದ ಮೇಲೆ ಅಮರನಾಥರು ಪುಸ್ತಿಕೆಯ ಕೊನೆಗೆ 'ಅಭ್ಯರ್ಥಿಯು ಕಲಿತಿರುತ್ತಾರೆ' ಎಂದು ಬರೆದು ಸಹಿ ಮಾಡಿದರು. ಏನು ಕಲಿತಿರುತ್ತಾರೆ ಎಂದು ಬರೆಯಲಿಲ್ಲ, ಒಳ್ಳೆಯ ಮನುಷ್ಯ. ಸೇಡಂನಿಂದ ವಾಡಿಗೆ ಹೊರಟ ಕಂಪನಿಯ ಜೀಪು ದಾರಿಯಲ್ಲಿ ಅವಳನ್ನು ಹತ್ತಿಸಿಕೊಂಡಿತು. ಮಜೀದಸಾಬ ಸ್ಟೀರಿಂಗ್ ಹಿಡಿದು ಸಪ್ಪಗೆ ಕೂತಿದ್ದ. ಅವನ ತರಬೇತಿ ಶಹಾಬಾದಿನಲ್ಲಿ ಆಗಿತ್ತು. ಹಾಜರಿ ಪ್ರಕಾರ ಹೆಡ್ ಟೈಪಿಸ್ಟ್ ಅಂದರೆ ಅಲ್ಲಿ ಫರಶಿ ಪಾಲಿಶ್ ಮಾಡುವ ಯಂಕಮ್ಮ.

"ಹ್ಯಾಂಗಾಯ್ತು ಕಾಕಾ?"

"ಏನಂತ ಹೇಳ್ಲಿ ಬೇಟಿ. ಯಂಕಮ್ಮ ಕಂಪ್ಯೂಟರಿಗೆ ಅರಿಶಿಣ ಕುಂಕುಮ ಹಚ್ಚಿ, ಊದಬತ್ತಿ ಬೆಳಗಿ, ಮುಟ್ಟಬ್ಯಾಡ ಸಾಬಣ್ಣ, ಏನರೆ ಆದ್ರ ನನ್ನ ಪಗಾರ್ದಾಗ ಹಿಡೀತಾರ ಅಂದ್ಳು. ಪುಸ್ತಕದಾಗ ಪರದಾ ನೋಡಿ ಅಭ್ಯಾಸ ಮಾಡ್ಕೋಬೇಕು ಅಂತ ಬರದಾರಲ್ಲ, ಅದಕ್ಕ ಇಬ್ರೂ ನೋಡ್ಕೋತ ಕುಂತ್ವಿ."

"ಪರದಾದಾಗ ಏನ್ ಕಂಡಿತ್ತು?"

"ನನ್ನ ಮುಖ. ಬಾಜೂಕ ಯಂಕಮ್ಮನ ಮುಖ. ಕರೆಂಟ್ ಇರ್ಲಿಲ್ಲ." ಮಜೀದಸಾಬ ಗೇರು ಬದಲಿಸಿದ. "ಒಂದ್ ಕೇಳ್ಲೇನು? ನಾ ಟೈಪಿಸ್ಟ್ ಅಂತ ಪಾಸಾದ್ರ ಈ ಗಾಡಿ ಯಾರು ನಡಸ್ತಾರ?"

"ಯಾರರೆ ಡ್ರೈವರ್ ಅಂತ ಇರಬೇಕಲ್ಲ ಹಾಜರ್ಯಾಗ."

"ಅದಾರ. ಸಾವಕಾರ್ರ ಮನಿ ಪೂಜಾರಿ."

ಮಜೀದಸಾಬ ವಾಡಿಯ ತನಕ ಸ್ಟೀರಿಂಗನ್ನು ಎರಡೂ ಕೈಯಿಂದ ಗಟ್ಟಿ ಹಿಡಿದುಕೊಂಡೇ ಹೋದ.

ಪರೀಕ್ಷೆಯ ದಿನ ಐದೂ ಊರಿನ ನೌಕರರು ಸೇಡಂ ಹೆಡ್ಡಾಫೀಸಿನ ಅಂಗಳದಲ್ಲಿ ಸೇರಿದರು. ಶಾಮಿಯಾನ ಹಾಕಿತ್ತು. ಮೇಜಿನ ಹಿಂದೆ ಅಮೃತಪ್ಪ ಸಾವಕಾರರು, ಅವರ ಎಡಕ್ಕೆ ಶಾಂತಕುಮಾರರು, ಬಲಕ್ಕೆ ಕಾಶೀನಾಥ ಅಂತ ಕಲಬುರಗಿಯಿಂದ ಬಂದ ಕಾರ್ಮಿಕ ಕಾಯ್ದೆ ಸಲಹೆಗಾರರು. ಸಾವಕಾರರು ಸಹಿ ಹಾಕಿದ ಮೇಲೆ ಪಾಸಾದವರ ಹೆಸರನ್ನು ಸರಕಾರದ ಕಡತಕ್ಕೆ ಕಾಯಂ ಅಂತ ಏರಿಸಬೇಕಾದವರು ಅವರು. ಬಿಸಿಲಿಗೆ ಬೆವರುತ್ತ, ಪ್ರತಿಯೊಂದು ಕಾಗದವನ್ನೂ ಎರಡೂ ಬದಿ ತಿರುಗಿಸಿ ನೋಡುತ್ತಿದ್ದರು.

ಮೊದಲು ಮಜೀದಸಾಬ. ಕಂಪ್ಯೂಟರ್ ತೆರೆದು ತೋರಿಸು ಅಂದರು. ಮಜೀದಸಾಬ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಹಿಂದಿನ ಮುಚ್ಚಳ ಬಿಚ್ಚಿ ತೆರೆದೇಬಿಟ್ಟ. ಒಳಗೆ ಧೂಳು ಇತ್ತು, ಊದಿದ. ಶಾಂತಕುಮಾರರು ಅದನ್ನು 'ಸ್ವಂತ ಬುದ್ಧಿಯ ಪ್ರಯೋಗ' ಅಂತ ಬರೆದುಕೊಂಡು ಪಾಸು ಮಾಡಿದರು.

ಆಮೇಲೆ ಸುಮಂಗಲಾ. ಅವಳು ಅಂಗಳದ ಒಂದು ಮೂಲೆಯನ್ನು ಗುಡಿಸಿದಳು, ಯಾರಾದರೂ ಗುಡಿಸುವ ಹಾಗೆ. ಗುಡಿಸುವಾಗ ಯಾರ ಮುಖವನ್ನೂ ನೋಡಲಿಲ್ಲ. ಆಮೇಲೆ ಶಾಂತಕುಮಾರರು ಬಾಯಿಪರೀಕ್ಷೆ ಶುರು ಮಾಡಿದರು.

"ಕಸ ಅಂದ್ರ ಏನು?"

"ಯಾರಿಗೂ ಬ್ಯಾಡಾಗಿದ್ದು, ಆದ್ರ ತಗಿಲಿಕ್ಕ ಯಾರಿಗೂ ಧೈರ್ಯ ಇರಲಾರದ್ದು."

"ಭಾಳ ಚಲೋ. ಸಂಸ್ಥೆಯ ಪ್ರಗತಿಯೊಳಗ ನಿಮ್ಮ ಹುದ್ದೆಯ ಪಾತ್ರ?"

"ನಾ ಈ ಹುದ್ದೆಗೆ ಬಂದಾಗಿಂದ ಒಂದು ಸಲನೂ ಕಸಾ ಹೊಡೆದಿಲ್ರಿ. ಸಂಸ್ಥಾ ಪ್ರಗತಿ ಆಗ್ಯದ. ನೀವೇ ಲೆಕ್ಕ ಹಾಕ್ಕೋರಿ."

ಬೆಂಚಿನ ಮೇಲೆ ಯಾರೋ ಕಿಸಕ್ಕನೆ ನಕ್ಕರು. ಶಾಂತಕುಮಾರರು ನಗಲಿಲ್ಲ. ಅವರು ಮನಸಾರೆ ನಂಬಿದ್ದ ಮನುಷ್ಯ. ಅವಳಿಗೆ ಎಲ್ಲರಿಗಿಂತ ಹೆಚ್ಚು ಅಂಕ ಕೊಟ್ಟು, "ಮೊದಲನೇ ನಂಬರು" ಎಂದು ಘೋಷಿಸಿದರು. ಚಪ್ಪಾಳೆ ಬಿತ್ತು. ಸುಮಂಗಲಾಳ ಎದೆ ಒಂದು ಕ್ಷಣ ಹಗುರಾಯಿತು, ಮರುಕ್ಷಣ ಅದು ಏನಕ್ಕೆ ಹಗುರಾಯಿತು ಎಂದು ನೆನಪಾಗಿ ಭಾರವಾಯಿತು. ಆದರೂ ನಾಳೆಯಿಂದ ಬ್ರೇಕು ಇಲ್ಲ. ಅದೊಂದನ್ನು ಗಟ್ಟಿ ಹಿಡಿದುಕೊಂಡು ಬೆಂಚಿಗೆ ಹೋಗಿ ಕೂತಳು. ಅವ್ವನಿಗೆ ಫೋನು ಮಾಡಿ ಏನು ಹೇಳುವುದು ಅಂತ ಮನಸ್ಸಿನಲ್ಲಿಯೇ ವಾಕ್ಯ ಕಟ್ಟತೊಡಗಿದಳು. ವಾಕ್ಯ 'ಕಾಯಂ' ಎಂಬಲ್ಲಿಗೆ ಬಂದು ನಿಲ್ಲುತ್ತಿತ್ತು, ಮುಂದೆ ಹೋಗುತ್ತಿರಲಿಲ್ಲ.

ಪ್ರಮಾಣಪತ್ರಗಳ ಕಟ್ಟು ಮೇಜಿನ ಮೇಲೆ ಬಂತು. ಎಲ್ಲದರ ಕೆಳಗೂ ಶಾಂತಕುಮಾರರ ಸಹಿ, ಅದರ ಕೆಳಗೆ ಬಂಗಾರದ ಬಣ್ಣದ ಅಕ್ಷರದಲ್ಲಿ 'ತರಬೇತಿ ಮುಖ್ಯಸ್ಥರು'. ಅಮೃತಪ್ಪ ಸಾವಕಾರರು ಪೆನ್ನಿನ ಟೊಪ್ಪಿಗೆ ತೆಗೆದರು. ಕಾಶೀನಾಥ ಮೊದಲನೆಯ ಪತ್ರವನ್ನು, ಅಂದರೆ ಸುಮಂಗಲಾಳದನ್ನು, ತಿರುಗಿಸಿ ಮುರುಗಿಸಿ ನೋಡಿದರು.

"ಈ ತರಬೇತಿ ಮುಖ್ಯಸ್ಥರು ಅಂದ್ರ ಯಾರ್ರೀ?"

"ನಾನೇ" ಅಂದರು ಶಾಂತಕುಮಾರರು.

"ಹಾಜರಿ ಪ್ರಕಾರ?"

"ಅಂದ್ರ?"

"ಸುತ್ತೋಲ್ಯಾಗ ಬರದೀರಲ್ರಿ, ಕಲಿಯೋದು, ಕಲಿಸೋದು, ಪಾಸ್ ಮಾಡೋದು ಎಲ್ಲಾ ಹಾಜರಿ ಪ್ರಕಾರ. ನಾ ಕಡತದಾಗ ಏರಸ್ಬೇಕಂದ್ರ ಸಹಿ ಮಾಡಿದವ್ರ ಹುದ್ದೆನೂ ಹಾಜರಿ ಪ್ರಕಾರ ಬರೀಬೇಕಾಗ್ತದ. ನಿಮ್ಮ ಹುದ್ದೆ ಏನದ ಅಷ್ಟೇ ಹೇಳ್ರಿ, ಬರ್ಕೋತೀನಿ."

ಶಾಂತಕುಮಾರರಿಗೆ ಇದು ಯಾವತ್ತೂ ಹೊಳೆದಿರಲಿಲ್ಲ. ಬೇರೆಯವರ ಕಂದರ ಅಳೆಯುವಾಗ ತಾನು ನಿಂತ ಜಾಗ ಕಾಣುವುದಿಲ್ಲ. ಅಮೃತಪ್ಪ ಸಾವಕಾರರು ಹಾಜರಿ ಪುಸ್ತಕ ತರಿಸಿ, ಕಣ್ಣಿಗೆ ಒತ್ತಿಕೊಂಡು, ತೆರೆದು, ಬೆರಳು ಇಳಿಸುತ್ತ ಹೋದರು. ಬೆರಳು ಭಾಳ ಕೆಳಗೆ ಇಳಿಯಿತು.

"ಇಲ್ಲಿ ಅದ ನೋಡ್ರಿ. ಶಾಂತಕುಮಾರ." ಸಾವಕಾರರು ಕನ್ನಡಕ ಸರಿಮಾಡಿಕೊಂಡರು. "ಚಹಾ ಕೋಲಿ ಮೇಲ್ವಿಚಾರಕ."

ಬೆಂಚಿನ ಮೇಲಿದ್ದವರೆಲ್ಲ ಕತ್ತು ಉದ್ದ ಮಾಡಿದರು.

"ಹೌದಲ್ಲ" ಅಂದರು ಸಾವಕಾರರು, ನೆನಪಾದವರಂತೆ. "ನೀವು ಬಂದ ವಾರ ಚಹಾದ ಗುಂಡಪ್ಪ ಬಿಟ್ಟುಹೋಗಿದ್ದ. ಹಮಾಲರಿಗೆ ಕುಂತು ಚಹಾ ಕುಡೀಲಿಕ್ಕ ಒಂದು ಕೋಲಿ ಇತ್ತು ಆಗ. ಅದನ್ನ ಕೆಡವಿ ಅಲ್ಲೇ ನಿಮ್ಮ ಕ್ಯಾಬಿನ್ ಮಾಡಿದ್ವಿ."

ಕಾಶೀನಾಥ ಪತ್ರದ ಕಟ್ಟನ್ನು ಮೆಲ್ಲಗೆ ಮೇಜಿನ ನಡುವಿಗೆ ಸರಿಸಿದರು. ಅವರ ದನಿಯಲ್ಲಿ ಕೊಂಕು ಇರಲಿಲ್ಲ, ಬೇಸರವೂ ಇರಲಿಲ್ಲ. "ಚಹಾ ಕೋಲಿ ಮೇಲ್ವಿಚಾರಕರು ಚಹಾದ ಬಗ್ಗೆ ಪ್ರಮಾಣಪತ್ರ ಕೊಟ್ಟಿದ್ರ ನಡೀತಿತ್ತು. ಟೈಪಿಂಗು, ಕಸ, ಖರೀದಿ, ಇವೆಲ್ಲಾ ನಡ್ಯಂಗಿಲ್ಲ. ಎಲ್ಲಾ ರದ್ದಾಗ್ತಾವ."

"ಟೈಪಿಸ್ಟ್ ಅಂತಿದ್ದದ್ದನ್ನ ಕಂಪ್ಯೂಟರ್ ಅಂತ ಓದ್ಕೊಂಡೀವಲ್ರಿ" ಎಂದರು ಶಾಂತಕುಮಾರರು. ಅವರ ಹಣೆಯ ಬೆವರು ಪ್ರಮಾಣಪತ್ರದ ಮೇಲೆ ಬಿತ್ತು. "ಇದನ್ನೂ ಬ್ಯಾರೆ ಓದ್ಕೋಬಹುದು. ಇಲ್ಲಾಂದ್ರ ಸಾವಕಾರ್ರ, ನನ್ನದೊಂದು ಹುದ್ದೆ ಬದಲಿ ಮಾಡ್ರಿ. ಒಂದೇ."

"ಅಪ್ಪಾಜಿ ಅಕ್ಷರ ಅದು" ಅಂದರು ಸಾವಕಾರರು.

"ಬದಲಿ ಮಾಡ್ಲಿಕ್ಕೂ ನಿಮ್ಮ ಸುತ್ತೋಲ್ಯಾಗ ಕಲಂ ಅದ" ಎಂದು ಕಾಶೀನಾಥ ಪುಟ ತಿರುಗಿಸಿದರು. "ಯಾವುದೇ ನೌಕರನ ಹುದ್ದೆ ಬದಲಾಗಬೇಕಂದ್ರ ಆ ಹೊಸ ಹುದ್ದೆಯ ತರಬೇತಿ ಮೊದಲು ಪಾಸಾಗತಕ್ಕದ್ದು."

"ಪಾಸಾಗ್ತೀನಿ. ಈಗೇ ಪಾಸಾಗ್ತೀನಿ. ಯಾರು ಪರೀಕ್ಷಾ ತಗೋತಾರ?"

"ತರಬೇತಿ ಮುಖ್ಯಸ್ಥರು."

"ಅವ್ರು ಯಾರು?"

"ನೀವು ಪಾಸಾಗೋತನ ಯಾರೂ ಇಲ್ಲ."

ಶಾಂತಕುಮಾರರು ಹೈದರಾಬಾದಿನ ಬಾಣಗಳಲ್ಲಿ ಯಾವುದಾದರೂ ಒಂದು ಈ ಕಡೆಗೆ ಬಂದಿದೆಯೋ ಎಂದು ನೆನೆಸಿಕೊಂಡರು. ಬಂದಿರಲಿಲ್ಲ. ಅಮೃತಪ್ಪ ಸಾವಕಾರರು ಪೆನ್ನಿಗೆ ಟೊಪ್ಪಿಗೆ ಹಾಕಿ ಜೇಬಿಗೆ ಸಿಕ್ಕಿಸಿಕೊಂಡರು. ಐದೂರಿನ ನೌಕರರು ಒಬ್ಬರ ಮುಖ ಒಬ್ಬರು ನೋಡಿದರು. ತಾವು ಈಗ ಪಾಸೋ, ಫೇಲೋ, ಪರೀಕ್ಷೆಗೇ ಕೂತಿಲ್ಲವೋ ಯಾರಿಗೂ ತಿಳಿಯಲಿಲ್ಲ. ಮಜೀದಸಾಬ ಮಾತ್ರ ಜೀಪಿನ ಕೀಲಿ ಜೇಬಿನಲ್ಲಿದೆಯೋ ಎಂದು ಮುಟ್ಟಿ ನೋಡಿಕೊಂಡು ಸಮಾಧಾನಪಟ್ಟ.

ಸುಮಂಗಲಾ ಎದ್ದು ನಿಂತಳು.

"ಸಾವಕಾರ್ರ, ನಂದೊಂದು ಕೇಳಬೇಕಿತ್ತು. ನಾಳಿಂದ ನನಗ ಬ್ರೇಕ್ ಅದನೋ ಇಲ್ಲೋ?"

ಸಾವಕಾರರು ಕಾಶೀನಾಥರ ಕಡೆ ನೋಡಿದರು. ಕಾಶೀನಾಥ ಕಾಗದದ ಕಡೆ ನೋಡಿ ಹೇಳಿದರು.

"ಬ್ರೇಕ್ ಅದ ತಂಗಿ. ಪಾಸಾಗಿದ್ದು ರದ್ದಾತು, ಹಂಗಾಗಿ ಕಾಯಂ ಇಲ್ಲ. ಫೇಲಾಗಿದ್ದೂ ರದ್ದಾತು, ಹಂಗಾಗಿ ಹೊರಗ ಹಾಕಂಗಿಲ್ಲ. ಮೊದ್ಲ ಹ್ಯಾಂಗಿತ್ತೋ ಹಂಗ."

"ಅಂದ್ರ ಕಸಾ ಹೊಡ್ಯಾಕಿ ಅಂತ ಕಾಯಂ ಆಗ್ಲಿಲ್ಲ."

"ಇಲ್ಲ."

ಅವಳು ನಿಂತೇ ಇದ್ದಳು. ಅವ್ವನಿಗೆ ಹೇಳುವ ವಾಕ್ಯ ಈಗ ಮುಂದೆ ಹೋಗುವಂತಿತ್ತು, ಆದರೆ ಅದರ ಮೊದಲ ಶಬ್ದವೇ ಹಾರಿಹೋಗಿತ್ತು. ಅಳು ಬಂದಂತಾಯಿತು, ನೋಡಿದರೆ ಅದು ನಗುವೂ ಇರಬಹುದಿತ್ತು. ಅವಳು ಎರಡನ್ನೂ ನುಂಗಿಕೊಂಡು ಕೂತಳು.

"ಭಾಳ ಬಿಸಲದ" ಎಂದರು ಅಮೃತಪ್ಪ ಸಾವಕಾರರು, ಏನಾದರೂ ಅನ್ನಬೇಕಲ್ಲ ಎಂದು. "ಬಂದ ಮಂದಿ ಹಂಗ ಹೋಗಬಾರ್ದು. ಎಲ್ಲಾರಿಗೂ ಚಹಾ ಆದ್ರೂ ಆಗ್ಲಿ."

ಶಾಮಿಯಾನದ ಕೆಳಗಿನ ಎಲ್ಲ ಕಣ್ಣುಗಳೂ ಒಂದೊಂದಾಗಿ ತಿರುಗಿ, ಕಾಯ್ದೆಯ ಪ್ರಕಾರ ಆ ಕೆಲಸಕ್ಕೆ ಅಧಿಕಾರವಿದ್ದ ಒಬ್ಬರೇ ಒಬ್ಬರ ಮೇಲೆ ಹೋಗಿ ನಿಂತವು. ಶಾಂತಕುಮಾರರು ಬಂಗಾರದ ಅಕ್ಷರದ ಕಟ್ಟನ್ನು ಮೇಜಿನ ಮೇಲೆ ಬಿಟ್ಟು, ಮೆಲ್ಲಗೆ ಕುರ್ಚಿ ಹಿಂದಕ್ಕೆ ಸರಿಸಿ ಎದ್ದರು.

"ಸರ್" ಎಂದಳು ಸುಮಂಗಲಾ, "ನನಗ ಸಕ್ಕರಿ ಕಮ್ಮಿ ಇರ್ಲಿ."